ಹಳ್ಳದ ಚಿನ್ನ ಇಳಿದು ಬಂದ ದಾರಿ

ಮಾರ್ಚ್ ತಿಂಗಳ ಗುಲ್ವಾಡಿ. ವಾರಾಹಿ ಸಪೂರಾಗಿ ನಡುವಿಗೆ ಸರಿದಿದೆ. ಆಟಿಯಲ್ಲಿ ತೆಂಗಿನ ಬುಡ ಮುಟ್ಟುವ ಕೆಂಪು ನೀರು ಈಗ ಕಾಲಿನ ಬೆರಳು ಕಾಣುವಷ್ಟು ತಿಳಿ. ತಿರುವಿನ ಒಳಮಗ್ಗುಲಲ್ಲಿ ಹೊಯ್ಗೆಯ ದಿಬ್ಬ ಎದ್ದಿದೆ. ದೂರದಿಂದ ಅದು ಬರೀ ಬಿಳಿ. ಬಗ್ಗಿ ನೋಡಿದರೆ ಅದರ ಮೈಮೇಲೆ ನೀರು ಬಿಟ್ಟುಹೋದ ಅಲೆಯ ಗುರುತು, ಒಂದೊಂದು ಅಲೆಯ ತಗ್ಗಿನಲ್ಲೂ ಕಾಡಿಗೆ ಎಳೆದಂಥ ಕಪ್ಪು ಗೆರೆ, ಅಲ್ಲಲ್ಲಿ ಹೊಂಬಣ್ಣದ ಚೂರುಗಳ ಮಿನುಗು.

"ಹ್ವಾಯ್, ಎಂತ ಹುಡ್ಕುದ್ ನೀವ್? ಚಿನ್ನವಾ?" ಎಂದು ದೋಣಿಯ ಕಡೆಯಿಂದ ಯಾರೋ ಕೂಗುತ್ತಾರೆ.

ಮಿನುಗುವುದು ಕಾಗೆಬಂಗಾರ. ಘಟ್ಟದ ಕಲ್ಲಿನೊಳಗಿನ ಕಪ್ಪು ಅಭ್ರಕ ಮಳೆಗೂ ಬಿಸಿಲಿಗೂ ಸಡಿಲಾಗಿ ಈ ಬಣ್ಣಕ್ಕೆ ತಿರುಗುತ್ತದೆ. ಉಗುರಿನಿಂದ ಒತ್ತಿದರೆ ಪದರ ಬಿಚ್ಚುತ್ತದೆ, ಬೊಗಸೆ ನೀರಿನಲ್ಲಿ ಬಿಟ್ಟರೆ ಹಗುರಾಗಿ ಸುತ್ತುತ್ತಾ ಹೊರಗೆ ಹೋಗಿಬಿಡುತ್ತದೆ. ಚಿನ್ನ ಹಾಗೆ ಹೋಗುವುದಿಲ್ಲ. ಹೊಳೆಯಲ್ಲಿ ಚಿನ್ನ ಹುಡುಕುವವನ ಕಣ್ಣು ಮಿನುಗಿನ ಮೇಲೆ ನಿಲ್ಲದೆ ಸೀದಾ ಕಪ್ಪು ಗೆರೆಗೆ ಹೋಗುತ್ತದೆ.

ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಗೆರೆಯ ಮೇಲೆ ಆಡಿಸಿದರೆ ಅರ್ಧದಷ್ಟು ಕಪ್ಪು ಹುಡಿ ಎದ್ದು ಮುಳ್ಳುಮುಳ್ಳಾಗಿ ಅಂಟಿಕೊಳ್ಳುತ್ತದೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಅಂಟದೆ ಉಳಿದದ್ದರಲ್ಲಿ ಇಲ್ಮೆನೈಟ್ ಇದೆ, ಭೂತಗನ್ನಡಿಯಲ್ಲಿ ನೋಡಿದರೆ ದಾಳಿಂಬೆ ಬಣ್ಣದ ಗಾರ್ನೆಟ್ ಕಾಳೂ ಸಿಗುತ್ತದೆ. ಬಿಳಿ ಹೊಯ್ಗೆಯ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್, ನೀರಿಗಿಂತ 2.65 ಪಟ್ಟು ಭಾರ. ಮ್ಯಾಗ್ನೆಟೈಟ್ ಐದು ಪಟ್ಟಿಗೂ ಮೇಲೆ. ಶುದ್ಧ ಚಿನ್ನ 19.3 ಪಟ್ಟು. ನೀರಿನೊಳಗೆ ಮುಳುಗಿದ ಮೇಲೆ ಈ ಅಂತರ ಇನ್ನೂ ಹಿಗ್ಗುತ್ತದೆ. ಅಲ್ಲಿ ಅಷ್ಟೇ ಗಾತ್ರದ ಹೊಯ್ಗೆ ಕಾಳಿಗಿಂತ ಚಿನ್ನದ ಕಾಳು ಹನ್ನೊಂದು ಪಟ್ಟು ಭಾರ. ಹೊಳೆ ಇಡೀ ಮಳೆಗಾಲ ಮಾಡುವ ಕೆಲಸ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಜಾಲಿಸಿ ಕಲ್ಲು ಬೇರೆ ಮಾಡುವ ಕೆಲಸವೇ. ಹಗುರವಾದದ್ದನ್ನು ಅದು ಗಂಗೊಳ್ಳಿ ಅಳಿವೆಗೆ ಸಾಗಿಸುತ್ತದೆ, ಭಾರವಾದದ್ದನ್ನು ಬಂಡೆಯ ಹಿಂದೆ, ತಿರುವಿನ ಒಳಗೆ, ತಳದ ಕಲ್ಲಿನ ಸಂದಿನಲ್ಲಿ ಉಳಿಸುತ್ತದೆ.

ಕಪ್ಪು ಗೆರೆ ಎಂದರೆ ಮೇಲಿನ ಗುಡ್ಡಗಳು ಬರೆದು ಕಳಿಸಿದ ಕಾಗದ. ಕ್ವಾರ್ಟ್ಸು ಮತ್ತು ಅಭ್ರಕ ಬಂದದ್ದು ಕರಾವಳಿಯ ತಳದಲ್ಲೆಲ್ಲ ಹಾಸಿರುವ ನೈಸ್ ಶಿಲೆಯಿಂದ. ಕಬ್ಬಿಣದ ಕಾಳು ಬರುವುದು ಆ ನೈಸನ್ನು ಸೀಳಿಕೊಂಡು ಹೋದ ಕಪ್ಪುಕಲ್ಲಿನ ಪಟ್ಟಿಗಳಿಂದ, ಮುರಕಲ್ಲಿನಿಂದ, ಘಟ್ಟದ ಅದಿರಿನಿಂದ. ಓದುವವರಿಗೆ ಇಲ್ಲೊಂದು ತೊಡಕೂ ಇದೆ. ತೀರ್ಥಹಳ್ಳಿ ಕಡೆಯಲ್ಲಿ ಹುಟ್ಟಿ ಬರುವ ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಬಿದ್ದ ಮೇಲೆ, 1980ರ ದಶಕದ ಕೊನೆಯಿಂದ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಮೂಲಕ ನೀರು ಇಳಿಯತೊಡಗಿದ ಮೇಲೆ, ಘಟ್ಟದ ತಲೆಯ ಹೊಯ್ಗೆ ಜಲಾಶಯದಲ್ಲೇ ಕೂರುತ್ತದೆ. ನೀರು ಬರುತ್ತದೆ, ಕಲ್ಲಿನ ಕಾಳು ಬರುವುದಿಲ್ಲ. ಗುಲ್ವಾಡಿಗೆ ಈಗ ಮುಟ್ಟುವ ಹೊಸ ಹೊಯ್ಗೆ ಅಣೆಕಟ್ಟಿನ ಕೆಳಗಿನ ತೋಡು-ಹಳ್ಳಗಳದ್ದು. ಹಳೆಯ ಕಾಗದ ಇರುವುದು ದಿಬ್ಬದ ತಳದ ಪದರಗಳಲ್ಲಿ, ಅದನ್ನೇ ನಾವು ಲಾರಿಗೆ ತುಂಬಿಸುತ್ತಿದ್ದೇವೆ. ಮರಳಿನ ಬ್ಲಾಕುಗಳನ್ನು ಹಂಚುವ ಮೊದಲು ಒಂದೊಂದರಿಂದ ಒಂದೊಂದು ಚೀಲ ಹೊಯ್ಗೆಯನ್ನು ಜಾಗ, ಆಳ, ದಿನಾಂಕ ಬರೆದು ತೆಗೆದಿಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕೆಲಸ ಸಣ್ಣದು. ಮಾಡದೇ ಹೋದರೆ ತಿರುಗಿ ಸಿಗುವಂಥದ್ದಲ್ಲ.

ನಮ್ಮ ಈ ತೀರದಲ್ಲಿ ಚಿನ್ನದ ವಹಿವಾಟಿಗೆ ಕೊರತೆ ಇರಲಿಲ್ಲ. ಗುಲ್ವಾಡಿಯಿಂದ ಹೊಳೆಯ ಕೆಳಕ್ಕೆ ಹೋದರೆ ಹಳೆಯ ಬಂದರು ಬಸ್ರೂರು. ತೆಂಕಕ್ಕೆ ಬಾರ್ಕೂರು, ವಿಜಯನಗರದ ಕಾಲದ ಶಾಸನಗಳಲ್ಲಿ ಬಾರಕೂರು ಗದ್ಯಾಣದ ಲೆಕ್ಕದಲ್ಲಿ ದತ್ತಿ, ತೆರಿಗೆ ಬರೆದಿದ್ದಾರೆ. ಅಕ್ಕಿ ಹೋಯಿತು, ಮೆಣಸು ಹೋಯಿತು, ಹೊನ್ನು ಬಂತು. ಆದರೆ ಹೊಳೆಯಲ್ಲಿ ಹೊನ್ನು ತೊಳೆದು ಬದುಕಿದವರನ್ನು ನೋಡಬೇಕಾದರೆ ಘಟ್ಟ ಹತ್ತಿ ಬಡಗು ಮೂಡಣಕ್ಕೆ ಗದಗ ಸೀಮೆಗೆ ಹೋಗಬೇಕು. ಅಲ್ಲಿಯ ಲಕ್ಕುಂಡಿಯಲ್ಲೂ ಟಂಕಸಾಲೆಯಿತ್ತು, ಲೊಕ್ಕಿ ಗದ್ಯಾಣ ಎಂದು ಹೆಸರಾದ ನಾಣ್ಯ ಅಲ್ಲಿನದು. ಬಾರ್ಕೂರಿಗೆ ಇಲ್ಲದ ಒಂದು ನೆರೆ ಲಕ್ಕುಂಡಿಗಿತ್ತು: ಕಪ್ಪತಗುಡ್ಡ.

ಬಯಲುಸೀಮೆಯ ಎರೆಹೊಲಗಳ ನಡುವೆ ಗದಗಿನ ಬಳಿಯಿಂದ ಮುಂಡರಗಿಯಾಚೆ ತುಂಗಭದ್ರೆಯ ಕಡೆಗೆ ಕಪ್ಪತಗುಡ್ಡ ಸಾಲಾಗಿ ಮಲಗಿದೆ. ಮಳೆ ಕಮ್ಮಿ. ಕುರುಚಲು ಕಾಡು, ಔಷಧಿ ಗಿಡ, ಎತ್ತರದಲ್ಲಿ ತಿರುಗುವ ಗಾಳಿಯಂತ್ರ. ನಮ್ಮ ಮುರಕಲ್ಲಿನ ದರೆ, ಅದರಡಿಯ ಶೇಡಿ ಮಣ್ಣು ನೋಡಿ ಬೆಳೆದ ಕಣ್ಣಿಗೆ ಅಲ್ಲಿ ಕಲ್ಲು ಬೆತ್ತಲೆಯಾಗಿ ಕಾಣುವುದೇ ಒಂದು ಬೆರಗು. ಒಂದು ಏಣಿನಲ್ಲಿ ಕಬ್ಬಿಣ ಹೊತ್ತ ಕೆಂಗಪ್ಪು ಪಟ್ಟೆ, ಪಕ್ಕದಲ್ಲಿ ಹಸಿರು ಛಾಯೆಯ ಹಾಳೆಗಲ್ಲು, ಅದರ ನಡುವೆ ಬಿಳಿಯ ಕ್ವಾರ್ಟ್ಸ್ ಎಳೆ. ಇವು ಧಾರವಾಡ ಶಿಲೆಗಳು. ಹಳೆಯ ಲಾವಾ, ಹಳೆಯ ಸಮುದ್ರದ ಕೆಸರು, ಎರಡೂ ನೆಲದಾಳದಲ್ಲಿ ಮಡಿಸಿ ಹಿಂಡಿಸಿಕೊಂಡು ಆದವು. ಗುಡ್ಡದಲ್ಲಿ ಹುಟ್ಟುವ ಹಳ್ಳಗಳು ವರ್ಷದ ಬಹುಪಾಲು ಒಣ. ಗುಡುಗಿ ಒಂದು ದೊಡ್ಡ ಮಳೆ ಹೊಡೆದರೆ ಕಲ್ಲು ಉರುಳಿಸಿಕೊಂಡು ಬಂದು ಸಂಜೆಯೊಳಗೆ ಮತ್ತೆ ಬತ್ತುತ್ತವೆ.

ಆ ಮಳೆಗೇ ಕಾಯುತ್ತಿದ್ದವರು ಜಲಗಾರರು. ಡೋಣಿ, ಸೊರಟೂರು, ಶಿರುಂಜ ಸುತ್ತಲಿನ ಹಳ್ಳಗಳಲ್ಲಿ ಅವರು ಚಿನ್ನ ತೊಳೆಯುವುದನ್ನು 19ನೇ ಶತಮಾನದಲ್ಲಿ ಬಂದುಹೋದವರು ಬರೆದಿಟ್ಟಿದ್ದಾರೆ. ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಈ ಗುಡ್ಡಕ್ಕೆ ಬಂದದ್ದು 1839ರಲ್ಲಿ. ಜಲಗಾರರ ಸಲಕರಣೆ ಹೆಚ್ಚೇನಿಲ್ಲ. ಗುದ್ದಲಿ, ಮರದ ತೊಟ್ಟಿ, ಮರಿಗೆ. ಪ್ರವಾಹ ಇಳಿದ ಕೂಡಲೇ ಹಳ್ಳದ ತಳಕ್ಕಿಳಿದು, ಹಸಿ ಮರಳನ್ನು ಮೇಲಿಂದ ಕೆರೆದು ಬಿಸಾಡಿ, ಗಟ್ಟಿ ಕಲ್ಲಿಗೆ ಅಂಟಿ ಕೂತ ಜಿಗುಟು ಮಣ್ಣನ್ನೇ ತೊಟ್ಟಿಗೆ ತುಂಬುವುದು. ನೀರು ಹೊಯ್ದು ಕೈಯಲ್ಲಿ ಕಲಕಿ ದಪ್ಪ ಹರಳು ಹೊರಗೆ ಹಾಕುವುದು. ಉಳಿದದ್ದು ಮರಿಗೆಗೆ. ಮರಿಗೆಯನ್ನು ನೀರಿನ ಮಟ್ಟಕ್ಕೆ ಸ್ವಲ್ಪ ಓರೆ ಹಿಡಿದು ತಿರುವುತ್ತಾ ಹೋದರೆ ಮೊದಲು ಕೆಸರು ಹೋಗುತ್ತದೆ, ಆಮೇಲೆ ಬಿಳಿ ಮರಳು, ಕೊನೆಗೆ ತಳದಲ್ಲಿ ಬೆರಳಗಲ ಕಪ್ಪು ಹುಡಿ ಉಳಿಯುತ್ತದೆ. ಅದನ್ನು ಒಂದೇ ಒಂದು ಸಲ ಮೆಲ್ಲಗೆ ತಟ್ಟಿ ನೀರನ್ನು ಹಿಂದಕ್ಕೆ ಓಡಿಸಬೇಕು. ಕಪ್ಪು ಹುಡಿ ಮುಂದೆ ಸರಿಯುತ್ತದೆ, ಅದರ ಬಾಲದಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕಿ ಹಿಂದೆ ಉಳಿಯುತ್ತದೆ. ನೆರಳಿನಲ್ಲಿ ಹಿಡಿದರೂ ಅದರ ಬಣ್ಣ ಮಾಸುವುದಿಲ್ಲ. ಕಾಗೆಬಂಗಾರ ನೆರಳಿಗೆ ಬಂದರೆ ಕಂದುತ್ತದೆ. ಕಣ್ಣಿಗೆ ಹಿಡಿಯದ ಧೂಳನ್ನು ಪಾದರಸದಲ್ಲಿ ಹಿಡಿಸಿ, ಕಾಯಿಸಿ, ಪಾದರಸವನ್ನು ಹಾರಿಸಿ ಚಿನ್ನ ಮಾಡಿಕೊಳ್ಳುತ್ತಿದ್ದರು. ಆ ಹೊಗೆ ಎಷ್ಟು ಮಂದಿಯ ನರ ತಿಂದಿತೋ ಲೆಕ್ಕ ಇಟ್ಟವರಿಲ್ಲ.

1874ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಗೆ ಬಂದರು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಅಧಿಕಾರಿ, ಮದರಾಸಿನ ಪಲ್ಲಾವರದಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೊಡಲಿ ಎತ್ತಿದವರು, ಮುಂದೆ ಈ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟವರು, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಕಟ್ಟಿದವರು. ಆಗ ಈ ಸೀಮೆಗೆ ಡಂಬಳದ ಗುಡ್ಡಗಳು ಎಂದು ಹೆಸರು. ಫೂಟ್ ಮಾಡಿದ ಕೆಲಸ ಸರಳ, ಅದಕ್ಕೇ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಗುಡ್ಡದ ಕಲ್ಲನ್ನು ಅವರು ಪಟ್ಟೆಗಳಾಗಿ ವಿಂಗಡಿಸಿದರು: ಡೋಣಿ ಸರಣಿ, ಕಪ್ಪತಗುಡ್ಡ ಸರಣಿ, ಸೊರಟೂರು ಸರಣಿ. ಆಮೇಲೆ ಯಾವ ಹಳ್ಳದಲ್ಲಿ ಚಿನ್ನ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಎಂದು ಜಲಗಾರರನ್ನು ಕೇಳಿದರು, ಅವರಿಂದ ತೊಳೆಸಿ ನೋಡಿದರು. ಹಳ್ಳಗಳ ತವರು ಹುಡುಕುತ್ತಾ ಹೋದಾಗ ಲೆಕ್ಕ ಕೂಡಿತು. ಸೊರಟೂರು ಸರಣಿಯ ಹಸಿರುಗಪ್ಪು ಕಲ್ಲಿನ ಪಟ್ಟೆಯಲ್ಲಿ ಹುಟ್ಟಿದ ಹಳ್ಳಗಳು ಚಿನ್ನದ ಹಳ್ಳಗಳು. ಅವುಗಳಲ್ಲೆಲ್ಲ ಸೊರಟೂರಿನ ಹಳ್ಳಕ್ಕೆ ಮೊದಲ ಸ್ಥಾನ. ಹೊಯ್ಸಳ ಬಲ್ಲಾಳನೂ ಸೇವುಣ ಭಿಲ್ಲಮನೂ 12ನೇ ಶತಮಾನದ ಕೊನೆಯಲ್ಲಿ ಕಾದಿದ ಸೊರಟೂರು ಇದೇ.

ಹಳ್ಳದಿಂದ ಗುಡ್ಡಕ್ಕೆ ಹೋಗುವ ದಾರಿ ಕಾಗದದ ಮೇಲೆ ಸುಲಭ. ದೊಡ್ಡ ಹಳ್ಳದ ಕೆಳಗಿನಿಂದ ಶುರು ಮಾಡಿ ಒಂದೇ ಅಳತೆಯ ಮಣ್ಣು ತೊಳೆಯುತ್ತಾ ಮರಿಗೆಯಲ್ಲಿ ಉಳಿದ ಚುಕ್ಕಿ ಎಣಿಸುತ್ತಾ ಮೇಲೆ ನಡೆಯಬೇಕು. ಎರಡು ಹಳ್ಳ ಕೂಡುವಲ್ಲಿ ನಿಂತು ಎರಡರದ್ದೂ ತೊಳೆದು ಚುಕ್ಕಿ ಇದ್ದ ಕಡೆಗೆ ತಿರುಗಬೇಕು. ನಡೆಯುತ್ತಾ ಚುಕ್ಕಿ ಹೆಚ್ಚುತ್ತದೆ, ಒಂದು ಕಡೆ ಥಟ್ಟನೆ ನಿಲ್ಲುತ್ತದೆ. ಹಾಗೆ ನಿಂತರೆ ತವರು ದಾಟಿತು ಎಂದು ಲೆಕ್ಕ. ಹಳ್ಳ ಬಿಟ್ಟು ಎಡಬಲದ ಇಳಿಜಾರು ಹತ್ತಬೇಕು, ಅಡ್ಡಡ್ಡಕ್ಕೆ ಸಾಲು ಹಿಡಿದು ಗುಡ್ಡದ ಮಣ್ಣನ್ನೇ ಹೊತ್ತು ತಂದು ತೊಳೆಯಬೇಕು. ಚಿನ್ನ ಸಿಗುವ ಜಾಗ ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದಾಗಿ ಬೀಸಣಿಗೆಯ ಹಿಡಿಯ ಕಡೆಗೆ ಕೂಡಿಕೊಳ್ಳುತ್ತದೆ. ಅಲ್ಲಿ ತೋಡಿದರೆ ಅಂಚು ಮೊನಚಾದ ಕ್ವಾರ್ಟ್ಸ್ ತುಂಡುಗಳು, ತುಕ್ಕು ಹಿಡಿದ ಸಂದುಗಳು, ಅದೃಷ್ಟವಿದ್ದರೆ ಎಳೆ.

ನೆಲದ ಮೇಲೆ ಇದು ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಹೊಳೆಗಳು ಹಾದಿ ಬದಲಿಸುತ್ತವೆ. ಹತ್ತು ಸಾವಿರ ವರ್ಷದ ಹಿಂದಿನ ಹೊಳೆಯ ತಳ ಈಗ ದಡದ ಮೇಲಿನ ಹೊಲವಾಗಿರಬಹುದು, ಅಲ್ಲಿಂದ ಕುಸಿದ ಚಿನ್ನ ಇವತ್ತಿನ ಹಳ್ಳಕ್ಕೆ ಬಿದ್ದು ದಾರಿ ತಪ್ಪಿಸಬಹುದು. ಆಗ ಕೈ ಹಿಡಿಯುವುದು ಚಿನ್ನದ ಕಾಳಿನ ಮೈ. ಎಳೆಯಿಂದ ಹೊಸದಾಗಿ ಕಳಚಿ ಬಂದ ಕಾಳಿಗೆ ಮುಳ್ಳು, ಕೊಂಬೆ, ಮೂಲೆಗಳಿರುತ್ತವೆ. ಒಂದು ಮಗ್ಗುಲಲ್ಲಿ ಕ್ವಾರ್ಟ್ಸಿನ ಚೂರು ಹಲ್ಲಿಗೆ ಸಿಕ್ಕ ಹಾಗೆ ಉಳಿದಿರುತ್ತದೆ. ಚಿನ್ನ ಮೆತ್ತಗಿನ ಲೋಹ. ಕಲ್ಲುಗಳ ನಡುವೆ ಬಡಿಸಿಕೊಂಡು ಸಾಗಿದಂತೆ ಮುಳ್ಳು ಮಡಿಯುತ್ತದೆ, ಅಂಚು ಉರುಟಾಗುತ್ತದೆ, ಇನ್ನೂ ದೂರ ಹೋದದ್ದು ಚಪ್ಪಟೆಯಾಗಿ ರೆಕ್ಕೆಯಂತಾಗಿ ತನ್ನ ಮೇಲೆ ತಾನೇ ಮಡಚಿಕೊಂಡಿರುತ್ತದೆ. ಹೊರಮೈ ಶುದ್ಧವಾಗುತ್ತಾ ಹೋಗುವುದೂ ಉಂಟು. ಕಾಳಿನ ಜೊತೆಗಿದ್ದ ಬೆಳ್ಳಿ ನೀರಿಗೆ ಕರಗಿ ಹೋಗಿ ತೆಳು ಸಿಪ್ಪೆಯಷ್ಟು ಅಪ್ಪಟ ಚಿನ್ನ ಉಳಿಯುತ್ತದೆ. ಆದರೆ ಒಳಗಿನ ತಿರುಳು ತವರನ್ನು ಮರೆಯುವುದಿಲ್ಲ. ಕಾಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೆಳ್ಳಿ ಎಷ್ಟು, ತಾಮ್ರ ಎಷ್ಟು, ಯಾವ ಗಂಧಕದ ಅದಿರು ಒಳಗೆ ಸಿಕ್ಕಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ಅದನ್ನು ಗುಡ್ಡದ ಎಳೆಯ ಚಿನ್ನದ ಜೊತೆ ಹೋಲಿಸಿದರೆ ನಂಟು ಸಿಕ್ಕೀತು. ಒಂದೇ ಹೊಳೆಯಲ್ಲಿ ಎರಡು ಮೂರು ತವರಿನ ಕಾಳುಗಳು ಬೆರೆತಿರುವುದನ್ನೂ ಹೀಗೆ ಬಿಡಿಸುತ್ತಾರೆ.

ಕೋಲಾರದಲ್ಲಿ ಈ ದಾರಿ ಗಿಡ್ಡವಾಗಿತ್ತು. ಟಿಪ್ಪು ಸತ್ತ ಮೇಲೆ ಮೈಸೂರಿನ ಮೂಡಣ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ನೆಲದಲ್ಲಿ ಚಿನ್ನವಿದೆ ಎಂಬ ಊರ ಮಾತು ಕೇಳಿ, ತೋರಿಸಿದವರಿಗೆ ಇನಾಮು ಎಂದು ಸಾರಿದರು. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವರೆದುರೇ ತೊಳೆದು ತೋರಿಸಿದರು. ಸುಮಾರು 55 ಕಿಲೋ ಮಣ್ಣಿಗೆ ಒಂದು ಗ್ರೇನ್ ಎಂಬ ಲೆಕ್ಕ ಬಂತು, ಅಂದರೆ 65 ಮಿಲಿಗ್ರಾಮಿನಷ್ಟು. ಅಲ್ಲಿ ಚಿನ್ನ ಹೊಳೆ ಹಿಡಿದು ದೂರ ಹೋಗಿರಲಿಲ್ಲ, ಎಳೆಯ ನೆತ್ತಿಯ ಮೇಲೆಯೇ ಕಲ್ಲು ಕೊಳೆತು ಮಣ್ಣಾದದ್ದು. ಮಾರಿಕುಪ್ಪದಲ್ಲಿ ಊರವರು ಹಳೆಯ ಗುಂಡಿಗಳಿಗೆ ಇಳಿದು ಕಲ್ಲು ತಂದು ಕುಟ್ಟುವುದನ್ನೂ ವಾರನ್ ಕಂಡರು. ಆ ವರದಿ ಮುಕ್ಕಾಲು ಶತಮಾನ ಹೆಚ್ಚು ಕಡಿಮೆ ಹಾಗೇ ಬಿದ್ದಿತ್ತು. 1870ರ ದಶಕದಲ್ಲಿ ಮೈಕಲ್ ಲ್ಯಾವೆಲ್ ಪರವಾನಗಿ ಪಡೆದರು, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವ ಹೊತ್ತಿಗೆ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿ ಸುಮಾರು 800 ಟನ್ ಚಿನ್ನ ಕೊಟ್ಟಿತ್ತು.

ಹೊಳೆಯ ಚಿನ್ನ ನೋಡಿದವರೆಲ್ಲ ಮೇಲೆ ಇಂಥದೇ ಒಂದು ಕೋಲಾರ ಕಾಣುತ್ತಾರೆ. ವಯನಾಡಿನಲ್ಲಿ ಹಾಗೆ ಕಂಡವರು ಹಣ ಸುಟ್ಟುಕೊಂಡರು. ಅಲ್ಲಿಂದ ನಿಲಂಬೂರಿಗೆ ಇಳಿಯುವ ಚಾಲಿಯಾರಿನ ಕವಲುಗಳಲ್ಲಿ ಚಿನ್ನ ತೊಳೆಯುವ ಕಸುಬು ಹಳೆಯದು. ಮೇಲೆ ದೇವಾಲ, ಪಂದಲೂರಿನ ಕಾಫಿ ತೋಟಗಳಲ್ಲಿ ಕ್ವಾರ್ಟ್ಸ್ ಎಳೆಗಳೂ ಕಣ್ಣಿಗೆ ಬಿದ್ದವು. 1880ರ ಸುಮಾರಿಗೆ ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿ ಹುಟ್ಟಿ, ಯಂತ್ರಗಳು ಘಟ್ಟ ಹತ್ತಿ, ಕೆಲವೇ ವರ್ಷಗಳಲ್ಲಿ ಎಲ್ಲವೂ ತುಕ್ಕು ಹಿಡಿದವು. ಎಳೆಯಲ್ಲಿ ಚಿನ್ನ ಇತ್ತು, ಕಂಪನಿ ಸಾಕುವಷ್ಟು ಇರಲಿಲ್ಲ.

ಏಕೆ ಹೀಗೆ ಎಂದರೆ ಉತ್ತರ ಕಾಲದ ಲೆಕ್ಕದಲ್ಲಿದೆ. ಸಾಮಾನ್ಯ ಕಲ್ಲಿನಲ್ಲಿ ಒಂದು ಟನ್ನಿಗೆ ಕೆಲವೇ ಮಿಲಿಗ್ರಾಂ ಚಿನ್ನ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದ ಕುದಿನೀರು, ಗಂಧಕದ ಜೊತೆ ಚಿನ್ನವನ್ನು ಕರಗಿಸಿಕೊಂಡು ಧಾರವಾಡ ಶಿಲೆಗಳ ಬಿರುಕಿನಲ್ಲಿ ಏರಿ ಬಂದು ತಣಿದಲ್ಲಿ ಟನ್ನಿಗೆ ಕೆಲವು ಗ್ರಾಮಿನಷ್ಟು ಇಳಿಸಿತು. ಆಮೇಲೆ ಗುಡ್ಡ ಸವೆಯಿತು. ನೂರಾರು ಅಡಿ ಕಲ್ಲು ಮಣ್ಣಾಗಿ ಹೋಯಿತು, ಅದರಲ್ಲಿದ್ದ ಚಿನ್ನ ಮಾತ್ರ ಕೊಳೆಯದೆ ಕರಗದೆ ಹಳ್ಳದ ತಳ ಸೇರಿತು. ಜಲಗಾರರ ಮರಿಗೆಗೆ ಬಂದ ಚುಕ್ಕಿ ಈಗ ಇಲ್ಲದ ಒಂದು ಗುಡ್ಡದ ಪಾಲೂ ಆಗಿರಬಹುದು. ಬಡ ಎಳೆಗಳಿಂದಲೂ ಹೊಳೆ ಇಷ್ಟಿಷ್ಟೇ ಕೂಡಿಹಾಕಬಲ್ಲದು, ಅದಕ್ಕೆ ಬೇಕಾದಷ್ಟು ಮಳೆಗಾಲಗಳಿವೆ. ಕಂಪನಿಗೆ ಅಷ್ಟು ಪುರುಸೊತ್ತಿಲ್ಲ.

ಈಗ ಭೂವೈಜ್ಞಾನಿಕ ಸಮೀಕ್ಷೆಯವರು ಕಣ್ಣಿಗೆ ಚುಕ್ಕಿ ಕಾಣುವವರೆಗೆ ಕಾಯುವುದಿಲ್ಲ. ತೋಡು-ಹಳ್ಳಗಳ ನುಣ್ಣನೆ ಮಣ್ಣನ್ನು ಚೌಕ ಚೌಕವಾಗಿ ಹಂಚಿಕೊಂಡು ತಂದು ಪ್ರಯೋಗಾಲಯದಲ್ಲಿ ಶತಕೋಟಿಯಲ್ಲಿ ಒಂದು ಪಾಲಿನ ತನಕ ಅಳೆಯುತ್ತಾರೆ. ಚಿನ್ನದ ಜೊತೆಗೆ ಆರ್ಸೆನಿಕ್, ಆಂಟಿಮನಿಯನ್ನೂ ನೋಡುತ್ತಾರೆ. ಎಳೆಯಲ್ಲಿ ಒಟ್ಟಿಗಿದ್ದವು ಹಳ್ಳದಲ್ಲೂ ಸುಳಿವು ಕೊಡುತ್ತವೆ. ಗುಡ್ಡ ಅಗೆಯದೆ, ಮರ ಕಡಿಯದೆ, ಒಂದು ಚೀಲ ಕೆಸರಿನಿಂದ ಇಡೀ ಕಣಿವೆಯ ಗುಣ ತಿಳಿಯುವ ಈ ದಾರಿಯನ್ನು ನಾನು ಬಹಳ ಮೆಚ್ಚುತ್ತೇನೆ.

ಕಪ್ಪತಗುಡ್ಡದಲ್ಲಿ 20ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಯ ಸುತ್ತ ಗಣಿ ತೋಡಿದವು, ಹೆಚ್ಚು ಕಾಲ ನಡೆಸಲಾಗಲಿಲ್ಲ. ಆಮೇಲೂ ಗಣಿಗಾರಿಕೆಯ ಅರ್ಜಿಗಳು ಬಂದವು. ಗದಗ ಸೀಮೆಯ ಜನ, ಮಠದವರು, ಬರಹಗಾರರು ಗುಡ್ಡ ಉಳಿಯಬೇಕೆಂದು ಬೀದಿಗಿಳಿದರು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಆ ತೀರ್ಮಾನ ಸರಿ ಎಂದೇ ನನ್ನ ಎಣಿಕೆ. ಅಷ್ಟು ಒಣ ನಾಡಿಗೆ ಮೋಡ ತಡೆದು ನಿಲ್ಲಿಸುವ ಗುಡ್ಡ ಎಳೆಯ ಚಿನ್ನಕ್ಕಿಂತ ಹೆಚ್ಚು ಬೇಕು.

ಆದರೆ ಒಂದು ಅನ್ಯಾಯ ಹಾಗೇ ಉಳಿದಿದೆ. ಫೂಟ್ ವರದಿಯ ನಂತರ ಬಂದ ಭೂವಿಜ್ಞಾನಿಗಳಿಗೆ ಸೊರಟೂರು ಪಟ್ಟೆಯ ಗುರುತು ಮೊದಲೇ ಸಿಕ್ಕಿತ್ತು. ಆ ಪಟ್ಟೆ ಚಿನ್ನದ್ದು ಎಂದು ಫೂಟ್‌ಗೆ ತೋರಿಸಿದ್ದು ಜಲಗಾರರ ತೊಳೆತ. ಯಾವ ಹಳ್ಳ ಬಂಜೆ, ಯಾವುದು ಕೊಡುತ್ತದೆ, ಯಾವ ಮಳೆಯ ಮೇಲೆ ಹೋಗಬೇಕು, ತಳದ ಯಾವ ಮಣ್ಣು ಎತ್ತಬೇಕು ಎಂಬುದೆಲ್ಲ ಅವರ ಮನೆಗಳಲ್ಲಿ ತಲೆಮಾರುಗಳಿಂದ ಬಂದ ವಿದ್ಯೆ. ವಾರನ್ ಎದುರು ಗಾಡಿ ಮಣ್ಣು ಇಳಿಸಿದವರದ್ದೂ ಅದೇ ವಿದ್ಯೆ. ಇಷ್ಟಾದರೂ ಭೂವಿಜ್ಞಾನದ ಪಾಠಗಳಲ್ಲಿ ಅವರು ಬರುವುದು ಕೂಲಿಯವರಾಗಿ. ಗದಗಿನ ಕಾಲೇಜುಗಳು ಡೋಣಿ, ಸೊರಟೂರು, ಶಿರುಂಜದ ಮನೆಗಳಿಗೆ ಹೋಗಿ ಅಟ್ಟದ ಮೇಲಿನ ಮರಿಗೆ, ಅಜ್ಜಂದಿರ ಬಾಯಲ್ಲಿರುವ ಹಳ್ಳದ ಹೆಸರು, ತೊಳೆಯುವ ಕ್ರಮ ಇವುಗಳಲ್ಲಿ ಉಳಿದಿರುವಷ್ಟನ್ನು ಬರೆದುಕೊಳ್ಳಬೇಕು. ಆ ಹಳ್ಳಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ ಫೂಟ್ ಎಳೆದ ಪಟ್ಟೆಯ ಪಕ್ಕದಲ್ಲಿ ಇಡಬೇಕು.